ಬಾನೆಟ್ಟಿನೊಳಗಿನ ಗಂಟು

ನನ್ನ ಗಂಡ ಮೂವತ್ತನಾಲ್ಕು ವರ್ಷ ಬೇರೆಯವರ ಕಾರು ಓಡಿಸಿದವರು. ಮುಂಬೈಯ ಫೋರ್ಟ್ ಕಡೆಯ ಒಂದು ಕಂಪನಿಯ ಸಾಹೇಬರುಗಳನ್ನು, ಒಬ್ಬರು ಹೋದ ಮೇಲೆ ಇನ್ನೊಬ್ಬರಂತೆ, ಮನೆಯಿಂದ ಆಫೀಸಿಗೆ, ಆಫೀಸಿನಿಂದ ಏರ್‌ಪೋರ್ಟಿಗೆ ಮುಟ್ಟಿಸಿದರು. ಅಷ್ಟು ವರ್ಷದಲ್ಲಿ ಗಾಡಿಗೆ ಒಂದು ಗೀರು ಬಿದ್ದದ್ದಿಲ್ಲ. ನಿವೃತ್ತರಾದ ಮೇಲೆ ಒಂದು ಹಳೆಯ ಪೆಟ್ರೋಲ್ ಕಾರು ಕೊಂಡರು, ಜೀವನದಲ್ಲಿ ಮೊದಲ ಸಲ ತಮ್ಮ ಹೆಸರಿನಲ್ಲಿ. ಅದನ್ನು ತಂದ ದಿನ ನನಗಾಗಿ ಹಿಂದಿನ ಬಾಗಿಲು ತೆಗೆದು ನಿಂತರು, ಪಾಪ, ಅಭ್ಯಾಸ. "ಏನ್ರಿ, ನಾ ಏನ್ ನಿಮ್ಮ ಸಾಹೇಬ್ರ ಹೇಂತೇನು?" ಎಂದು ಗದರಿ ನಾನು ಮುಂದೆ ಹೋಗಿ ಕೂತೆ.

ನಾನು ಗದರುವವಳೇ. ಸಯನ್‌ನ ನಮ್ಮ ಮನೆಗೆ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಮಕ್ಕಳು ಇರುವವರೆಗೂ ಪಾಠ ಹೇಳಿದೆ, ಮಕ್ಕಳು ಬರುವುದು ನಿಂತು ಶಾಲೆ ಮುಚ್ಚಿದ ಮೇಲೆ ಮನೆಗೆ ಬಂದೆ. ಕೆಂಪು ಶಾಯಿ ಮಾತ್ರ ಕೈ ಬಿಡಲಿಲ್ಲ. ಯಾರು ಏನು ಹೇಳಿದರೂ ಮೊದಲು ತಪ್ಪು ಹುಡುಕುತ್ತೇನೆ. ಗಂಡ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ, "ಟೀಚರ್" ಎನ್ನುತ್ತಿದ್ದರು. ಅದರಲ್ಲಿ ಪ್ರೀತಿಯೂ ಇತ್ತು, ಸ್ವಲ್ಪ ಹೆದರಿಕೆಯೂ ಇತ್ತು ಎಂದು ಈಗ ಅನಿಸುತ್ತದೆ.

ಅವರಿಗಿದ್ದದ್ದು ಒಂದೇ ಚಟ, ತಂಬಾಕು. ಎಡಗೈಯಲ್ಲಿ ಎಲೆ, ಸುಣ್ಣ, ಬಲ ಹೆಬ್ಬೆರಳಿನಿಂದ ತಿಕ್ಕುವುದು, ತಟ್ಟಿ ಧೂಳು ಹಾರಿಸಿ ಕೆಳತುಟಿಯೊಳಗೆ ಇಡುವುದು. ಸಿಗ್ನಲ್ ಕೆಂಪಾಗಿರುವಷ್ಟರಲ್ಲಿ ಎಲ್ಲ ಮುಗಿಸುತ್ತಿದ್ದರು. ಕೊನೆಗೆ ಬಾಯಲ್ಲಿ ಬಿಳಿ ಮಚ್ಚೆ ಬಂತು. ಡಾಕ್ಟರು ಇನ್ನು ಮುಂದೆ ಹೋದರೆ ಕಷ್ಟ ಎಂದರು. ಅವತ್ತೇ ಮನೆದೇವರ ಫೋಟೋದ ಮುಂದೆ ನಿಲ್ಲಿಸಿ ನನ್ನ ತಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿದೆ. "ನಾ ಜೀವಂತ ಇರೂತನಕ ಈ ಮನ್ಯಾಗ ಒಂದ್ ಎಲಿ ತಂಬಾಕ ಬರಬಾರದು" ಎಂದೆ. ಒಂದು ವರ್ಷ ದಿನವೂ ಅವರ ಅಂಗಿಯ ಜೇಬು ಮೂಸಿ ನೋಡಿ ಒಗೆಯಲು ಹಾಕಿದೆ. ಒಂದು ದಿನವೂ ಸಿಕ್ಕಿಬೀಳಲಿಲ್ಲ. ಬಿಟ್ಟೇ ಬಿಟ್ಟಿದ್ದರು.

ಅಂಥ ನಾನೇ ತಂಬಾಕನ್ನು ಒಳಗೆ ತಂದೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಹೇಳುವುದೆಲ್ಲ ಸುಳ್ಳಾಗುತ್ತದೆ.

ನಮ್ಮ ಬಿಲ್ಡಿಂಗಿನ ಕೆಳಗೆ ಇಲಿಗಳ ಕಾಟ. ಇಲಿ ಎಂದರೆ ಇಲಿಯಲ್ಲ, ಬೆಕ್ಕನ್ನು ಹೆದರಿಸುವಂಥ ಹೆಗ್ಗಣ. ಒಂದು ಮಳೆಗಾಲದ ಕೊನೆಗೆ ಪಕ್ಕದ ಕಾರಿನ ವಾಯರುಗಳನ್ನೆಲ್ಲ ಕಡಿದು ಹಾಕಿದವು. ಬಾನೆಟ್ಟಿನೊಳಗೆ ತಂಬಾಕಿನ ಎಲೆ ಇಟ್ಟರೆ ಇಲಿ ಹತ್ತಿರ ಸುಳಿಯುವುದಿಲ್ಲ ಎಂದು ಬಿಲ್ಡಿಂಗಿನ ಹೆಂಗಸರೆಲ್ಲ ಹೇಳಿದರು. ಇವರಿಗೆ ಹೇಳುವ ಹಾಗಿಲ್ಲ. ಕಣ್ಣೆದುರು ಎಲೆ ಕಂಡರೆ ಕೈ ಸುಮ್ಮನಿರುತ್ತದೆಯೇ ಎಂಬ ಭಯ ಒಂದು. ಆಣೆ ಮಾಡಿಸಿದವಳೇ ತಂದಳಲ್ಲ ಎಂದು ನಕ್ಕಾರು ಎಂಬ ಮಾನದ ಪ್ರಶ್ನೆ ಇನ್ನೊಂದು. ನಿಪ್ಪಾಣಿ ಕಡೆಯ ನನ್ನ ತಂಗಿ ದೀಪಾವಳಿಗೆ ಬಂದಾಗ ಒಳ್ಳೆ ಖಾರದ ಎಲೆ ತರಿಸಿದೆ. ಹಳೆ ಇಳಕಲ್ ಸೀರೆಯ ಸೆರಗು ಹರಿದು ಎರಡು ಪದರ ಮಾಡಿ, ಎಲೆ ತುಂಬಿ, ಮುಷ್ಟಿಗಿಂತ ದೊಡ್ಡ ಗಂಟು ಹೊಲಿದೆ. ಇವರು ಮಧ್ಯಾಹ್ನ ಮಲಗಿದ್ದಾಗ ಕೆಳಗಿಳಿದೆ. ಬಾನೆಟ್ ಎತ್ತುವುದನ್ನು ದಿನಾ ನೋಡಿ ಕಲಿತಿದ್ದೆ. ಎಣ್ಣೆ, ನೀರು ನೋಡುವ ಜಾಗದಲ್ಲಿ ಇಟ್ಟರೆ ಕಣ್ಣಿಗೆ ಬೀಳುತ್ತದೆ. ಮುಂದಿನ ಜಾಲರಿಯ ಹಿಂದೆ, ಲೈಟಿನ ಮಗ್ಗುಲಿಗೆ, ಒಂದು ಕಪ್ಪು ಪ್ಲಾಸ್ಟಿಕ್ ಕೊಳವೆಯ ಬಾಯಿ ಇತ್ತು. ಗಂಟನ್ನು ಅಲ್ಲಿಗೆ ತುರುಕಿದೆ. ಏನೋ ಕಟ್ ಎಂದಿತು. ಬೀಳದ ಹಾಗೆ, ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಮೇಲೆ ಬಂದು ಚಹಾ ಇಟ್ಟೆ.

ಚಳಿಗಾಲವೆಲ್ಲ ಗಾಡಿ ಚೆನ್ನಾಗಿಯೇ ಇತ್ತು. ಇಲಿಯೂ ಬರಲಿಲ್ಲ.

ಮಾರ್ಚಿನಲ್ಲಿ ಬಿಸಿಲು ಏರಿತು. ಅಂಧೇರಿಯ ಮಗಳ ಮನೆಗೆ ಊಟಕ್ಕೆ ಹೊರಟಿದ್ದೆವು. ಮಧ್ಯಾಹ್ನ, ಎ.ಸಿ. ಹಾಕಿತ್ತು, ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ತೆವಳಿ ಫ್ಲೈಓವರ್ ಹತ್ತಬೇಕು, ಕಾರು ಏಳಲಿಲ್ಲ. ಇಂಜಿನ್ ಗುಂಯ್ ಎನ್ನುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಕಿವಿ ಹರಿದರು. ಒಬ್ಬ ಟೆಂಪೋದವನು ಪಕ್ಕಕ್ಕೆ ಬಂದು "ಕಾಕಾ, ಬೈಲ್‌ಗಾಡಿ ಹೈ ಕ್ಯಾ?" ಎಂದು, ಇದೇನು ಎತ್ತಿನ ಗಾಡಿಯೇ ಎನ್ನುವ ಹಾಗೆ, ಕೂಗಿ ಹೋದ. ಇವರು ಗೇರ್ ಇಳಿಸಿದರು, ಎ.ಸಿ. ಬಂದ್ ಮಾಡಿದರು. ಆಮೇಲೆ ಹೇಗೋ ಹತ್ತಿತು. ಅವರ ಕುತ್ತಿಗೆ ಬೆವತಿತ್ತು.

"ಬಿಸಲಾಗ ಗಾಡಿ ಎಳ್ಯಾಕತ್ತಿಲ್ಲ" ಎಂದರು. ಸ್ವಲ್ಪ ಮುಂದೆ ಹೋದ ಮೇಲೆ ಮೂಗು ಎಳೆದು, "ಟೀಚರ್, ತಂಬಾಕ ವಾಸನಿ ಬರಾಕತ್ತೈತಲ್ಲ?" ಎಂದರು.

ಬರುತ್ತಿತ್ತು. ಎ.ಸಿ.ಯ ಕಿಂಡಿಯಿಂದ ನನ್ನ ಮೂಗಿಗೂ ಸಣ್ಣಗೆ ಬಡಿಯುತ್ತಿತ್ತು. "ಇಲ್ಲಲ್ಲ. ಬಿಟ್ಟು ಎರಡು ವರ್ಷಾತು, ಇನ್ನೂ ಮೂಗಿನ್ಯಾಗ ಕುಂತೈತೇನು?" ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು!

ಸಯನ್‌ನ ಗ್ಯಾರೇಜಿಗೆ ಒಯ್ದರು. ಅಲ್ಲಿಯ ಮೆಕ್ಯಾನಿಕ್ ಏರ್ ಫಿಲ್ಟರ್ ಬದಲಿಸಿದ, ಪ್ಲಗ್ಗು ಬದಲಿಸಿದ, ಏನೇನೋ ತೊಳೆದ. ಬೆಳಿಗ್ಗೆ ಏಳಕ್ಕೆ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು, "ಅಂಕಲ್, ಗಾಡಿ ಏಕ್‌ದಮ್ ಮಸ್ತ್" ಎಂದು ಕೊಟ್ಟ. ಅದೇ ವಾರ ಮಧ್ಯಾಹ್ನ ಮತ್ತೆ ಅದೇ ಗತಿ. ಮತ್ತೆ ಗ್ಯಾರೇಜು, ಮತ್ತೆ ಬೆಳಗಿನ ಸುತ್ತು, ಮತ್ತೆ ಮಸ್ತ್. ಮೂರನೆಯ ಸಲ ಆ ಮೆಕ್ಯಾನಿಕ್ ನನ್ನನ್ನು ಪಕ್ಕಕ್ಕೆ ಕರೆದು ದನಿ ಇಳಿಸಿ, "ಆಂಟಿ, ಗಾಡಿ ಮೇ ಕುಛ್ ನಹೀ ಹೈ. ಅಂಕಲ್ ಕಾ ಪೈರ್ ದೇಖೋ" ಎಂದ. ಗಾಡಿಯಲ್ಲೇನೂ ಇಲ್ಲ, ಅವರ ಕಾಲು ನೋಡಿಸಿ, ಪೆಡಲ್ ಒತ್ತುವ ಬಲ ಅವರಿಗಿಲ್ಲ ಎಂದು ಅದರ ಅರ್ಥ.

ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಗಳಿಗೆ ಹೇಳಿದೆ. ನಮಗೆ ಮಗಳು ಒಬ್ಬಳೇ, ಅಂಧೇರಿಯಲ್ಲಿ ಆಫೀಸು, ಮನೆ ಎರಡೂ. ಅವಳ ಕನ್ನಡ ಅರ್ಧ ದಾರಿಯಲ್ಲಿ ಇಂಗ್ಲಿಷಿಗೋ ಹಿಂದಿಗೋ ಇಳಿದುಬಿಡುತ್ತದೆ. ಬಂದವಳೇ, "ಪಪ್ಪಾ, ನೀವು ಒತ್ತತಿಲ್ಲ. ಒತ್ತೀನಿ ಅಂತ ನಿಮಗ ಲಗ್ತಾ ಹೈ, ದಟ್ಸ್ ಆಲ್" ಎಂದಳು.

"ನಂದು ಕಾಲಲ್ಲವ್ವಾ, ಗಾಡೀದು" ಎಂದರು ಇವರು. "ಮೂವತ್ತನಾಕ ವರ್ಷ ಇದನ್ನ ಮಾಡೀನಿ. ಪೆಡಲ್ ಎಷ್ಟು ಹೋತು ಅನ್ನೂದು ನನಗ ಗೊತ್ತಾಗೂದಿಲ್ಲೇನು? ಗಾಡಿಗೆ ಉಸಿರು ಕಟ್ಟೈತಿ."

ಉಸಿರು ಕಟ್ಟಿದೆ ಎಂದೇ ಹೇಳಿದ್ದರು. ಆ ಮಾತು ನನಗೆ ಚೆನ್ನಾಗಿ ನೆನಪಿದೆ. ನಾನು ಅದನ್ನೂ ತಿದ್ದಿದೆ. "ಗಾಡಿಗೆ ಎಲ್ಲಿ ಉಸಿರು ಇರ್ತೈತ್ರಿ? ಸುಮ್ನ ಹಠ ಮಾಡಬ್ಯಾಡ್ರಿ" ಎಂದೆ.

ಮಗಳು ನರಗಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದರು, ಬೆರಳು ಹಿಡಿಸಿದರು, ನೇರ ಗೆರೆಯ ಮೇಲೆ ನಡೆಸಿದರು. ಎಲ್ಲ ಸರಿ ಇತ್ತು. ಕೊನೆಗೆ, ಇಲ್ಲದ್ದು ಕಾಣುವುದು, ಇಲ್ಲದ ಶಬ್ದ ಕೇಳುವುದು, ಇಲ್ಲದ ವಾಸನೆ ಬರುವುದು ಇಂಥದ್ದೇನಾದರೂ ಉಂಟೇ ಎಂದು ಹಿಂದಿಯಲ್ಲಿ ಕೇಳಿದರು. ನನ್ನ ಗಂಡ ಸುಳ್ಳು ಹೇಳಿದವರಲ್ಲ. "ಕಾರಿನಲ್ಲಿ ಕೂತರೆ ತಂಬಾಕಿನ ವಾಸನೆ ಬರುತ್ತದೆ" ಎಂದರು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. "ನಿಮಗೆ ಬರುತ್ತದೆಯೇ?"

ಮಗಳು ನೋಡುತ್ತಿದ್ದಳು. ಇವರು ನೋಡುತ್ತಿದ್ದರು, ಹೌದು ಅನ್ನು ಎನ್ನುವ ಹಾಗೆ. ಅಲ್ಲಿ ಬಾಯಿ ಬಿಟ್ಟಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ಆದರೆ ಡಾಕ್ಟರ ಮುಂದೆ, ಮಗಳ ಮುಂದೆ, ಸೀರೆ ಸೆರಗಿನಲ್ಲಿ ತಂಬಾಕು ಕಟ್ಟಿ ಕಳ್ಳಿಯ ಹಾಗೆ ಇಟ್ಟವಳು ನಾನು ಎಂದು ಹೇಗೆ ಹೇಳುವುದು? ವಾಸನೆಗೂ ಕಾಲಿಗೂ ಏನು ಸಂಬಂಧ, ಕಾಲಿನ ತೊಂದರೆ ಹೇಗೂ ಇದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ಇಲ್ಲ" ಎಂದೆ.

ಇವರ ಮುಖ ಆಗ ಹೇಗಾಯಿತು ಎಂದು ಬರೆಯಲು ನನಗೆ ಆಗುವುದಿಲ್ಲ. ಡಾಕ್ಟರು ಸ್ಕ್ಯಾನಿಗೆ ಬರೆದರು, ಅಲ್ಲಿಯವರೆಗೆ ಗಾಡಿ ಬೇಡ ಎಂದರು. ಸ್ಕ್ಯಾನಿನಲ್ಲಿ ದೊಡ್ಡದೇನೂ ಕಾಣಲಿಲ್ಲ, ಆದರೂ ವಯಸ್ಸಾಗಿದೆ, ಹುಷಾರಾಗಿರಲಿ ಎಂದರು. ಕಾರಿನ ಎರಡೂ ಕೀಲಿಗಳನ್ನು ಮಗಳು ತನ್ನ ಪರ್ಸಿನೊಳಗೆ ಹಾಕಿಕೊಂಡಳು. ಇವರು ತಡೆಯಲಿಲ್ಲ. ಲಿಫ್ಟಿನ ಬಾಗಿಲವರೆಗೆ ಹೋಗಿ, "ಬ್ಯಾಟರಿ ಇಳೀತೈತಿ, ವಾರಕ್ಕೊಮ್ಮೆ ಚಾಲೂ ಮಾಡು" ಎಂದಷ್ಟೇ ಹೇಳಿ ಬಂದರು.

ಮೊದಲ ಕೆಲವು ವಾರ ಬೆಳಿಗ್ಗೆ ಬಕೆಟ್ ಹಿಡಿದು ಕೆಳಗೆ ಹೋಗಿ ಕಾರು ಒರೆಸುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ಮಳೆ ಹಿಡಿಯಿತು. ಮಗಳು ರವಿವಾರ ಬಂದು ಕಾರು ತೆಗೆದು ದಾದರ್‌ವರೆಗೆ ಹೋಗಿ ಕಾಯಿಪಲ್ಲೆ ತರುತ್ತಿದ್ದಳು. "ಗಾಡಿ ಈಸ್ ಪರ್ಫೆಕ್ಟ್, ಮಮ್ಮಿ" ಎನ್ನುತ್ತಿದ್ದಳು. ತಂಪು ಹವೆಯಲ್ಲಿ ಗಾಡಿ ನಿಜಕ್ಕೂ ಚೆನ್ನಾಗಿ ಓಡುತ್ತಿತ್ತು. ಒಳಗಿನ ಕೋಣೆಯಲ್ಲಿ ಇವರಿಗೆ ಅದು ಕೇಳಿಸುತ್ತಿತ್ತು. ಆ ಮಾತು ಕೇಳಿದ ದಿನಗಳಲ್ಲಿ ಅವರು ಬಲಗಾಲನ್ನು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದರು. ಆಗಸ್ಟಿನ ಹೊತ್ತಿಗೆ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯತೊಡಗಿದರು. ನಾಲ್ಕು ತಿಂಗಳ ಹಿಂದೆ ಡಾಕ್ಟರ ಎದುರು ನೇರ ಗೆರೆಯ ಮೇಲೆ ನಡೆದು ತೋರಿಸಿದ ಮನುಷ್ಯ!

ಒಂದು ಬೆಳಿಗ್ಗೆ ನಾನು ಹಾಲು ಒಲೆಯ ಮೇಲಿಟ್ಟು ಕೆಳಗೆ ಹೋಗಿದ್ದೆ. ಪಕ್ಕದವರ ಜೊತೆ ಮಾತಿಗೆ ನಿಂತು ಮರೆತೆ. ಮೇಲೆ ಬಂದರೆ ಮನೆಯೆಲ್ಲ ಸೀದ ವಾಸನೆ, ಪಾತ್ರೆ ಕರ್ರಗೆ, ಉರಿ ಹಾಗೇ ಇದೆ. ಇವರು ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ನನಗೆ ರೇಗಿಹೋಯಿತು. "ಕಣ್ಣೂ ಮೂಗು ಎಲ್ಲಾ ಬಂದ್ ಆಗ್ಯಾವೇನ್ರಿ? ವಾಸನಿ ಬರಲಿಲ್ಲೇನು?"

"ಬಂತು" ಎಂದರು. "ಭಾಳ ಬಂತು. ಆದರ ಇದೂ ನನ್ನ ತಲ್ಯಾಗಿಂದ ಅಂತ ಸುಮ್ನ ಕುಂತೆ."

ನಾನು ಪಾತ್ರೆ ತಿಕ್ಕಿದೆ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಒಂದು ಸಲ "ಇಲ್ಲ" ಎಂದು ಡಾಕ್ಟರ ಕಾಗದದಲ್ಲಿ ಬರೆಸಿಕೊಂಡ ಮೇಲೆ ಅದನ್ನು ಹಿಂದೆ ತೆಗೆದುಕೊಳ್ಳುವುದು ಹೇಗೆ ಎಂದು ತಿಳಿಯದೆ, ಒಂದು ದಿನ, ಇನ್ನೊಂದು ದಿನ ಎಂದು ಮುಂದೂಡುತ್ತಲೇ ಹೋದೆ.

ಮಳೆ ಹೋಗಿ ಅಕ್ಟೋಬರಿನ ಬಿಸಿಲು ಬಂತು. ಮುಂಬೈಯವರಿಗೆ ಇದು ಎರಡನೆಯ ಬೇಸಿಗೆ, ಮೇ ತಿಂಗಳಿಗಿಂತ ಮೈ ಹೆಚ್ಚು ಅಂಟುತ್ತದೆ. ಮಗಳು ನನ್ನನ್ನು ಅಂಧೇರಿಗೆ ಕರೆದುಕೊಂಡು ಹೋಗಲು ಮಧ್ಯಾಹ್ನ ಬಂದಳು. ಇವರು ಬರುವುದಿಲ್ಲ ಎಂದರು. ಎ.ಸಿ. ಹಾಕಿ, ಟ್ರಾಫಿಕ್ಕಿನಲ್ಲಿ ತೆವಳಿ, ಅದೇ ಫ್ಲೈಓವರಿನ ಬುಡಕ್ಕೆ ಬಂದೆವು. ಇಂಜಿನ್ ಗುಂಯ್ ಎಂದಿತು. ಕಾರು ಏಳಲಿಲ್ಲ.

"ಮಮ್ಮಿ, ಗಾಡಿ ಉಠ್ ನಹೀ ರಹೀ. ನಾ ಫುಲ್ ಒತ್ತೀನಿ. ಫುಲ್!" ಮಗಳ ದನಿ ಒಡೆಯಿತು. ಹಾರ್ನುಗಳು ಶುರುವಾದವು. ಅವಳು ನನ್ನ ಕಡೆ ನೋಡಿದಳು, ನಾನು ಅವಳ ಕಾಲಿನ ಕಡೆ ನೋಡಿದೆ. ಮೂವತ್ತು ದಾಟಿದ, ಗಟ್ಟಿಮುಟ್ಟಾದ ಕಾಲು, ಪೆಡಲನ್ನು ನೆಲಕ್ಕೆ ಹತ್ತಿಸಿಕೊಂಡು ಕೂತಿತ್ತು. "ಪಪ್ಪಾ ವಾಸ್ ರೈಟ್" ಎಂದಳು. ಸ್ವಲ್ಪ ಹೊತ್ತಾದ ಮೇಲೆ ಮೂಗು ಸಿಂಡರಿಸಿ, "ಇದೇನ್ ಸ್ಮೆಲ್?" ಎಂದಳು.

ನಾನು ನನ್ನ ಕಡೆಯ ಕಿಟಕಿಯ ಗಾಜು ಇಳಿಸಿದೆ.

ಅವಳ ಬಿಲ್ಡಿಂಗಿನ ಹತ್ತಿರ ಉಡುಪಿ ಕಡೆಯ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದಾರೆ. ಹೇಗೋ ಫ್ಲೈಓವರ್ ದಾಟಿಸಿ ಕಾರನ್ನು ನೇರ ಅಲ್ಲಿಗೆ ತಂದಳು, ನಾಳೆ ಬೆಳಿಗ್ಗೆ ನೋಡಿ ಎಂದಳು. ಅವರು ಒಪ್ಪಲಿಲ್ಲ. "ನಾಳೆ ಬೆಳಿಗ್ಗೆ ಎಂತ ನೋಡುದು? ಜ್ವರ ಇರುವಾಗಲೇ ನೋಡ್ಬೇಕು ಮಾರಾಯ್ರೆ. ನೀವಿಬ್ರೂ ಕೂತ್ಕೊಳ್ಳಿ, ಎ.ಸಿ. ಬಂದ್ ಮಾಡ್ಬೇಡಿ" ಎಂದು ಒಂದು ಸಣ್ಣ ಮೀಟರಿನಂಥದ್ದನ್ನು ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿ, ಅದೇ ಬಿಸಿಲಿನಲ್ಲಿ, ಅದೇ ಟ್ರಾಫಿಕ್ಕಿನಲ್ಲಿ ನಮ್ಮನ್ನು ಒಂದು ಸುತ್ತು ಕರೆದೊಯ್ದರು. ಮಧ್ಯೆ ಮೀಟರಿನ ಅಂಕಿ ತೋರಿಸಿದರು. "ನೋಡಿ ಅಮ್ಮ, ಹೊರಗೆ ಮೂವತ್ತೈದು ಡಿಗ್ರಿ. ಇಂಜಿನ್ ಒಳಗೆ ಎಳ್ಕೊಳ್ಳುವ ಗಾಳಿ ಎಪ್ಪತ್ತರ ಹತ್ರ ಉಂಟು. ಇಷ್ಟು ಬಿಸಿ ಗಾಳಿ ಕುಡಿದ್ರೆ ಅದು ಓಡುದು ಹೇಗೆ? ಸುಟ್ಟು ಹೋಗ್ಬಾರ್ದು ಅಂತ ತಾನೇ ಕೈ ಬಿಗಿ ಹಿಡೀತದೆ. ಬೆಳಿಗ್ಗೆ ತಂಪಲ್ಲಿ ನೋಡಿದ್ರೆ ಏನೂ ಗೊತ್ತಾಗುದಿಲ್ಲ."

ವಾಪಸು ಬಂದು ಮುಂದಿನ ಜಾಲರಿ ಬಿಚ್ಚಿದರು. ನಾನು ನೆರಳಿಗೆ ಹೋಗಬಹುದಿತ್ತು, ಹೋಗಲಿಲ್ಲ. ಅವರು ಕೈ ಹಾಕಿ, "ಅಯ್ಯೋ ದೇವರೇ, ಇದೆಂತದು?" ಎಂದು ಎಳೆದರು. ನನ್ನ ಇಳಕಲ್ ಸೀರೆಯ ಸೆರಗು. ಕೆಂಪು ಬಣ್ಣ ಹೋಗಿ ಮಣ್ಣಾಗಿತ್ತು. ಅರ್ಧ ಗಂಟನ್ನು ಕೊಳವೆ ಒಳಗೆ ಹೀರಿಕೊಂಡಿತ್ತು. ಹೊರಗಿನ ತಂಪು ಗಾಳಿ ಎಳೆಯುವ ಕೊಳವೆಯ ಬಾಯಿ ಅದು. ಗಂಟು ತುರುಕಿದ ರಭಸಕ್ಕೆ ಕ್ಲಿಪ್ ಮುರಿದು ಕೊಳವೆ ಹಿಂದಕ್ಕೆ ತಿರುಗಿ, ರೇಡಿಯೇಟರಿನ ಫ್ಯಾನು ಉಗುಳುವ ಬಿಸಿ ಗಾಳಿಯ ಎದುರಿಗೆ ನಿಂತುಬಿಟ್ಟಿತ್ತು. ಅವತ್ತು ಕಟ್ ಎಂದದ್ದು ಅದೇ.

"ಯಾರಾದ್ರೂ ಬೇಕಂತ ಮಾಡಿದ್ದಾ?" ಎಂದು ಮಗಳು ಕೇಳಿದಳು.

"ನಾನ" ಎಂದೆ. ಅಲ್ಲೇ, ಗ್ಯಾರೇಜಿನ ಎಣ್ಣೆ ನೆಲದ ಮೇಲೆ ನಿಂತು ಎಲ್ಲ ಹೇಳಿದೆ. ಡಾಕ್ಟರ ಮುಂದೆ ಹೇಳಿದ "ಇಲ್ಲ"ವನ್ನೂ ಹೇಳಿದೆ. ಮಗಳು ನನ್ನ ಮೇಲೆ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಿದ್ದರೆ ಚೆನ್ನಾಗಿತ್ತು. ಅವಳು ಪರ್ಸಿನಿಂದ ಕೀಲಿಯ ಗೊಂಚಲಲ್ಲಿದ್ದ ಎರಡನೆಯ ಕೀಲಿ ತೆಗೆದು ನನ್ನ ಕೈಗೆ ಹಾಕಿ, "ನೀವೇ ಕೊಡ್ರಿ" ಎಂದಳು, ಅಷ್ಟೇ. ಮೆಕ್ಯಾನಿಕ್ ಕೊಳವೆಯನ್ನು ಮುಂದಕ್ಕೆ ತಿರುಗಿಸಿ ಹೊಸ ಕ್ಲಿಪ್ ಹಾಕಿದರು. ಹತ್ತು ನಿಮಿಷದ ಕೆಲಸ.

ಮನೆಗೆ ಬಂದು ಇವರ ಮುಂದೆ ಪೇಪರ್ ಹಾಸಿ ಗಂಟು ಇಟ್ಟೆ. ಪಕ್ಕದಲ್ಲಿ ಕೀಲಿ ಇಟ್ಟೆ. ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ತಪ್ಪಾಯಿತು ಎಂದದ್ದು ಅವತ್ತೇ ಮೊದಲು. ಇವರು ಕೀಲಿ ಮುಟ್ಟಲಿಲ್ಲ. ಗಾಡಿಗೆ ಏನಾಗಿತ್ತು ಎಂದೂ ಕೇಳಲಿಲ್ಲ. ಗಂಟನ್ನು ಎತ್ತಿ ಮೂಗಿಗೆ ಹಿಡಿದರು.

"ವಾಸನಿ ಇತ್ತು" ಎಂದರು.

"ಇತ್ರಿ."

"ನಿನಗೂ ಬರ್ತಿತ್ತು?"

"ಬರ್ತಿತ್ತು."

"ಡಾಕ್ಟರ್ ಕೇಳಿದಾಗೂ?"

ನಾನು ಹೌದೆಂದು ತಲೆಯಾಡಿಸಿದೆ. ಅವರು ಗಂಟನ್ನು ಪೇಪರಿನ ಮೇಲೆ ಮೆಲ್ಲಗೆ ಇಟ್ಟು, ಅಂಗೈಯಿಂದ ಮುಖ ಮುಚ್ಚಿಕೊಂಡರು. "ನನಗ ಹುಚ್ಚು ಹಿಡೀತು ಅಂತ ತಿಳಿದಿದ್ನಲ್ಲೇ" ಎಂದರು. ಬಯ್ಯಲಿಲ್ಲ. ಅವರಿಗೆ ಬಯ್ಯಲು ಬರುವುದೇ ಇಲ್ಲ, ಅದು ನನ್ನ ಕೆಲಸ.

ಮರುದಿನ ಸಂಜೆ ನಾನೇ ಬಲವಂತ ಮಾಡಿ ಕೆಳಗೆ ಕರೆದುಕೊಂಡು ಹೋದೆ. ಗೋಡೆ ಹಿಡಿದುಕೊಂಡೇ ಬಂದರು. ಸೀಟು ಸರಿಮಾಡಿಕೊಂಡರು, ಕನ್ನಡಿ ಸರಿಮಾಡಿಕೊಂಡರು. ಒಂದು ಕ್ಷಣ ನನ್ನ ಹಳೆಯ ಗಂಡ ಕಂಡರು. ಬೇಸಿಗೆಯಲ್ಲಿ ಏಳದ ಗಾಡಿಯನ್ನು ಏಳಿಸಲು ಒತ್ತುತ್ತಿದ್ದರಲ್ಲ, ಹಾಗೇ ಒತ್ತಿದರು. ಗಾಡಿ ಚಂಗನೆ ನೆಗೆಯಿತು. ಗೇಟಿನ ಹತ್ತಿರ ಗಕ್ಕನೆ ಬ್ರೇಕ್ ಹಾಕಿದರು, ಇಂಜಿನ್ ಬಂದ್ ಆಯಿತು. ಯಾರಿಗೂ ಏನೂ ಆಗಲಿಲ್ಲ. ವಾಚ್‌ಮನ್ ಕುರ್ಚಿಯಿಂದ ಎದ್ದು ನಿಂತಿದ್ದ. ಇವರು ಇಳಿದು ಬಂದು ನನ್ನ ಕೈಯಲ್ಲಿ ಕೀಲಿ ಇಟ್ಟರು.

"ಬ್ಯಾಡ ಟೀಚರ್. ಕಾಲು ಖರೇನ ಹೋಗೈತಿ. ನೀ ಹೇಳಿದ್ದು ಸರಿ ಇತ್ತು."

"ಸರಿ ಇರಲಿಲ್ರೀ! ನಿಮ್ಮ ಕಾಲಿಗೆ ಏನೂ ಆಗಿಲ್ಲ, ನಾ ಹೇಳಿದ್ದು ಸುಳ್ಳು!" ಎಂದು ಕಾಂಪೌಂಡಿನ ಮಧ್ಯದಲ್ಲಿ ನಿಂತು ಕೂಗಿದೆ. ಅವರು ಒಬ್ಬ ಸಣ್ಣ ಹುಡುಗಿಯನ್ನು ರಮಿಸುವಂತೆ ನನ್ನ ಭುಜ ತಟ್ಟಿ ಲಿಫ್ಟಿನ ಕಡೆ ನಡೆದರು.

ಕಾರನ್ನು ಈಗ ಮಗಳು ಓಡಿಸುತ್ತಾಳೆ. ಎಂಥ ಬಿಸಿಲಿನಲ್ಲೂ ಫ್ಲೈಓವರ್ ಹತ್ತುತ್ತದೆ. ಇವರು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನಾನು ಒಗ್ಗರಣೆ ಹಾಕಿದರೆ, "ಸಾಸಿವಿ ವಾಸನಿ ಬರಾಕತ್ತೈತಿ, ಖರೇ ಏನು?" ಎಂದು ಕೇಳುತ್ತಾರೆ. "ಖರೇನ ಐತ್ರಿ" ಎನ್ನುತ್ತೇನೆ. ಮಳೆ ಬಿದ್ದ ವಾಸನೆ ಬಂದರೂ, ಪಕ್ಕದ ಮನೆಯವರು ಮೀನು ಹುರಿದರೂ, ನಾನು ದೇವರಿಗೆ ಊದುಬತ್ತಿ ಹಚ್ಚಿದರೂ ಕೇಳುತ್ತಾರೆ. ಕೈಯಲ್ಲಿದ್ದದ್ದನ್ನು ಬಿಟ್ಟು, ಬಾಗಿಲವರೆಗೆ ಬಂದು, ಅವರ ಮುಖ ನೋಡಿ ಹೌದು ಎನ್ನುತ್ತೇನೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡುತ್ತಾರೆ. ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು, ತಾವೇ ನೋಡಲು ಒಳಗೆ ಬರುತ್ತಾರೆ.